ಒಪ್ಪಿಗೆಯಲ್ಲ, ತಿಳಿಸುವುದು ಮಾತ್ರ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಅಪ್ರಾಪ್ತ ಬಾಲಕಿಯರ ಗರ್ಭಪಾತಕ್ಕೆ ‘ಪೋಷಕರ ಒಪ್ಪಿಗೆ’ ಬೇಕಿತ್ತು ಎಂದು ನಾನು ಓದಿದ ಲೇಖನವೊಂದರಲ್ಲಿದೆ. ಅದು ಸರಿಯಲ್ಲ. 1995ರ ಆ ಕಾನೂನು ಒಪ್ಪಿಗೆ ಕೇಳಿರಲಿಲ್ಲ. 48 ಗಂಟೆ ಮೊದಲು ತಂದೆ, ತಾಯಿ, ಅಜ್ಜ, ಅಜ್ಜಿಯಂಥ ಹಿರಿಯರೊಬ್ಬರಿಗೆ ತಿಳಿಸಿ ಎಂದಷ್ಟೇ ಹೇಳಿತ್ತು. ಮನೆಯವರಿಗೆ ಹೆದರುವ ಹುಡುಗಿ ನ್ಯಾಯಾಧೀಶರ ಮೊರೆ ಹೋಗಬಹುದಿತ್ತು. ಆ ದಾರಿ ಹದಿನೈದರ ಹುಡುಗಿಗೆ ಸುಲಭವಲ್ಲ ಎಂಬ ವಿರೋಧಿಗಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದಕ್ಕೆ ದಾರಿಯನ್ನು ಸುಗಮಗೊಳಿಸಬೇಕಿತ್ತು. 2021ರ ಡಿಸೆಂಬರ್‌ನಲ್ಲಿ ಗವರ್ನರ್ ಪ್ರಿಟ್ಸ್‌ಕರ್ ಸಹಿ ಹಾಕಿ ಇಡೀ ಕಾನೂನನ್ನೇ ರದ್ದುಮಾಡಿದರು.

ಕ್ಯಾಥೊಲಿಕ್ ತಾಯಿಯಾಗಿ ಇನ್ನೊಂದು ಮಾತು. ಮಕ್ಕಳಿಗೆ ತಂದೆತಾಯಿಯೇ ಮೊದಲ ಗುರುಗಳು ಎಂದು ನಮ್ಮ ಬಿಷಪ್‌ಗಳ ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಇದನ್ನು ಮಗಳ ಮೇಲಿನ ಯಜಮಾನಿಕೆ ಎಂದು ಓದಬಾರದು. ಮಾನಕ್ಕೆ ಅಂಜಿ ಮಗಳನ್ನು ಗರ್ಭಪಾತಕ್ಕೆ ಒತ್ತಾಯಿಸುವ ಪೋಷಕರೂ ಇದ್ದಾರೆ. ನಮ್ಮ ಧರ್ಮಸಭೆಯ ಬೋಧನೆಯಲ್ಲಿ ಅವರಿಗೆ ಅಂಥ ಹಕ್ಕು ಖಂಡಿತ ಇಲ್ಲ. ನಾವು ಕೇಳುವುದು ಮಗಳ ಸಂಕಟ ನಮಗೂ ತಿಳಿಯಲಿ ಎಂದು. ತಿಳಿದ ದಿನ ಗದರದೆ ಪಕ್ಕದಲ್ಲಿ ಕೂರುವ ಕೆಲಸ ನಮ್ಮದು. ಅದನ್ನು ನಮ್ಮ ಚರ್ಚುಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು.