ವ್ಯಭಿಚಾರ: ಹೆಣ್ಣಿಗೆಂದು ಹುಟ್ಟಿದ ಪದವಲ್ಲ

‘ವ್ಯಭಿಚಾರ ಎಂಬ ಪದ ಹುಟ್ಟಿದ್ದೇ ಹೆಣ್ಣಿನ ದಾಂಪತ್ಯದ್ರೋಹಕ್ಕೆ ಹೆಸರಿಡಲು’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ‘ಚರ್’ ಎಂದರೆ ನಡೆ. ಅದಕ್ಕೆ ‘ವಿ’, ‘ಅಭಿ’ ಸೇರಿದಾಗ ದಾರಿ ತಪ್ಪಿ ನಡೆಯುವುದು ಎಂದಾಗುತ್ತದೆ. ಗಂಡು ಹೆಣ್ಣಿನ ಮಾತೇ ಅದರಲ್ಲಿಲ್ಲ. ತರ್ಕಶಾಸ್ತ್ರದಲ್ಲಂತೂ ಕಾದ ಕಬ್ಬಿಣದ ಗುಂಡೇ ಇದಕ್ಕೆ ಉದಾಹರಣೆ: ಅಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗಾಗಿ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಿದರೆ ಆ ಹೇತುವಿಗೆ, ಅಂದರೆ ಊಹೆಗೆ ಆಧಾರವಾದ ಕಾರಣಕ್ಕೆ, ವ್ಯಭಿಚಾರ ದೋಷ ತಗಲುತ್ತದೆ. ಭರತನ ನಾಟ್ಯಶಾಸ್ತ್ರ ಹೇಳುವ 33 ವ್ಯಭಿಚಾರಿಭಾವಗಳಲ್ಲಿ, ಅಂದರೆ ಬಂದು ಹೋಗುವ ಭಾವಗಳಲ್ಲಿ, ನಾಚಿಕೆಯೂ ಇದೆ, ನಿದ್ರೆಯೂ ಇದೆ. ಪಾಪ, ಅವು ಯಾರಿಗೆ ದ್ರೋಹ ಬಗೆದವು? ಇನ್ನು ಕಾನೂನಿನ ಮಾತು: ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ, ಸುಪ್ರೀಂ ಕೋರ್ಟ್ 2018ರಲ್ಲಿ ರದ್ದುಪಡಿಸಿದ ಭಾರತೀಯ ದಂಡ ಸಂಹಿತೆಯ 497ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದ್ದದ್ದು ಗಂಡಸಿಗೆ ಮಾತ್ರ.