ಕಾರಣ ಹುಡುಕಲು ಹೊಟ್ಟೆ ತೆರೆಯುವ ಮುನ್ನ

ಮಗುವಿಗಾಗಿ ಕಾಯುತ್ತಿರುವ ದಂಪತಿಯ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದಾಗ, ಕಡೆಗೊಂದು ದಿನ ‘ಒಮ್ಮೆ ಲ್ಯಾಪ್ರೊಸ್ಕೋಪಿ (ಹೆಂಗಸಿನ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಶಸ್ತ್ರಚಿಕಿತ್ಸೆ) ಮಾಡಿ ನೋಡಿಬಿಡೋಣ’ ಎಂಬ ಮಾತು ಬರುತ್ತದೆ. ನಮಗೂ ಬಂತು. ನಾನು ಒಪ್ಪಿದೆ, ಇಲ್ಲೇ ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಒಪ್ಪಿದ್ದಕ್ಕೆ ನನಗೆ ವಿಷಾದವಿಲ್ಲ. ಆದರೆ ಆ ಶಸ್ತ್ರಚಿಕಿತ್ಸೆಯಿಂದ ಮನೆಯವರು, ನೆಂಟರು, ಎಷ್ಟೋ ಸಲ ಅದನ್ನು ಮಾಡಿಸಿಕೊಳ್ಳುವ ಹೆಂಗಸು ಕೂಡ ಬಯಸುವುದು ‘ಇದಕ್ಕೇ ಮಗುವಾಗಲಿಲ್ಲ’ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣವನ್ನು. ಬಹಳಷ್ಟು ಸಂದರ್ಭಗಳಲ್ಲಿ ಅದನ್ನು ಕೊಡುವ ಶಕ್ತಿ ಲ್ಯಾಪ್ರೊಸ್ಕೋಪಿಗೆ ಇಲ್ಲ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಒಂದು ವರ್ಷ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು, ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದು, ಪ್ರತಿ ತಿಂಗಳು ಅಂಡ ಬಿಡುಗಡೆಯಾಗುತ್ತಿದ್ದು, ಗರ್ಭನಾಳಗಳು ತೆರೆದಿದ್ದು, ಗಂಡನ ವೀರ್ಯ ಪರೀಕ್ಷೆಯೂ ಸರಿಯಾಗಿದ್ದರೆ ವೈದ್ಯರು ಅದನ್ನು ‘ಅನ್‌ಎಕ್ಸ್‌ಪ್ಲೇನ್ಡ್ ಇನ್‌ಫರ್ಟಿಲಿಟಿ’ (ಕಾರಣ ತಿಳಿಯದ ಬಂಜೆತನ) ಎಂದು ಬರೆಯುತ್ತಾರೆ. ಇದು ಇಬ್ಬರಿಗೂ ಸೇರಿದ ರೋಗನಿರ್ಣಯ. ವೀರ್ಯದ ವರದಿಯಲ್ಲಿ ಇರುವುದು ಸಂಖ್ಯೆ, ಚಲನೆ, ಆಕಾರಗಳ ಲೆಕ್ಕ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಮಿಲಿಲೀಟರಿಗೆ 16 ದಶಲಕ್ಷದ ಕೆಳಮಿತಿಯನ್ನು ದಾಟಿದ ವೀರ್ಯಾಣುಗಳು ಅಂಡವನ್ನು ಫಲಿತಗೊಳಿಸಬಲ್ಲವೇ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಹೊಟ್ಟೆಯೊಳಗೆ ಹೋದ ಕ್ಯಾಮೆರಾಕ್ಕೂ ಅಂಡದ ಗುಣಮಟ್ಟ ಕಾಣುವುದಿಲ್ಲ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳದೆ ಹೋದದ್ದು ಕಾಣುವುದಿಲ್ಲ. ಹೀಗಿರುವಾಗ ಇಬ್ಬರ ನಡುವೆ ಎಲ್ಲೋ ಇರುವ ಕಾರಣವನ್ನು ಒಬ್ಬಳ ಹೊಟ್ಟೆಯಲ್ಲಿ ಮಾತ್ರ ಹುಡುಕುತ್ತೇವೆ. ಸಿಕ್ಕಿದರೆ ದೋಷ ಅವಳದ್ದಾಗುತ್ತದೆ, ಸಿಗದಿದ್ದರೆ ಅವಳ ಹಣೆಬರಹವಾಗುತ್ತದೆ.

ಮನೆಯ ಹಿರಿಯರನ್ನು ನಾನು ದೂರುತ್ತಿಲ್ಲ. ನಮ್ಮ ಅತ್ತೆ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ನನ್ನ ಹೆಸರಿನಲ್ಲಿ ಹರಕೆ ಹೊತ್ತು ಸರತಿಯಲ್ಲಿ ನಿಂತರು, ಬಿಸಿಲೆ ಘಾಟಿ ಇಳಿದು ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸಿದರು. ನಾನೂ ಜೊತೆಗಿದ್ದೆ, ಮನಃಪೂರ್ವಕವಾಗಿಯೇ ಕೈಮುಗಿದೆ. ಸೀಮಂತ, ನಾಮಕರಣಗಳಿಗೆ ಹೋದಲ್ಲೆಲ್ಲ ‘ಏನಾದರೂ ವಿಶೇಷವಾ?’ ಎಂದು ಕೇಳಿಸಿಕೊಂಡ ಮನೆಗೆ ಒಂದು ಉತ್ತರ ಬೇಕಾಗಿತ್ತು. ನಾಗದೋಷದ ಮಾತಿನಲ್ಲಿ ಅವರು ಹುಡುಕಿದ ಉತ್ತರವನ್ನೇ ನಾನು ಆಪರೇಷನ್ ಥಿಯೇಟರಿನಲ್ಲಿ ಹುಡುಕಿದೆ. ಒಳಗೆ ಏನಾದರೂ ಸಿಗಲಿ ಎಂದು ಹಿಂದಿನ ರಾತ್ರಿ ಬೇಡಿಕೊಂಡಿದ್ದೇನೆ. ತನ್ನ ದೇಹದಲ್ಲಿ ರೋಗವಿರಲಿ ಎಂದು ಬೇಡಿಕೊಳ್ಳುವ ಹಂತಕ್ಕೆ ಒಬ್ಬ ಹೆಂಗಸು ಬರುತ್ತಾಳೆಂಬುದು ಇದನ್ನು ಅನುಭವಿಸಿದವರಿಗೆ ಮಾತ್ರ ಅರ್ಥವಾದೀತು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವುದಾದರೆ, ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸಣ್ಣದಾಗಿ ಕೊಯ್ದು, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಕ್ಯಾಮೆರಾ ಇಳಿಸುತ್ತಾರೆ. ಗರ್ಭಕೋಶದ ಬಾಯಿಯಿಂದ ನೀಲಿ ಬಣ್ಣದ ದ್ರವ ಬಿಟ್ಟು ಅದು ಎರಡೂ ನಾಳಗಳ ತುದಿಯಿಂದ ಹೊರಬರುತ್ತದೆಯೇ ಎಂದು ನೋಡುತ್ತಾರೆ. ನನಗೆ ಜೊತೆಯಲ್ಲೇ ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೊಸ್ಕೋಪಿ ಮಾಡಿ, ಗರ್ಭಕೋಶದ ಒಳಪದರದ ಚೂರನ್ನು ಕ್ಷಯದ ಪರೀಕ್ಷೆಗೂ ಕಳಿಸಿದರು. ಜನನಾಂಗದ ಕ್ಷಯ ಸದ್ದಿಲ್ಲದೆ ನಾಳಗಳನ್ನು ಹಾಳುಮಾಡುವ ನಮ್ಮ ದೇಶದಲ್ಲಿ ಅದು ಅಗತ್ಯವಾದ ಎಚ್ಚರಿಕೆ. ಗಾಯದ ನೋವಿಗಿಂತ ಹೆಚ್ಚು ಹೆದರಿಸಿದ್ದು ಆಮೇಲೆ ಹೆಗಲಿನಲ್ಲಿ ಕಾಣಿಸಿಕೊಂಡ ನೋವು. ಉಳಿದ ಅನಿಲ ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ಕೆರಳಿಸಿದಾಗ, ಅಲ್ಲಿಂದ ಬರುವ ನರದ ದಾರಿಯಿಂದಾಗಿ ನೋವು ಹೆಗಲಿನಲ್ಲಿ ಅನುಭವಕ್ಕೆ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಇದನ್ನು ಮೊದಲೇ ಒಂದು ಮಾತು ಹೇಳಿದ್ದರೆ ಹೃದಯಕ್ಕೇ ಏನೋ ಆಯಿತೆಂದು ನನ್ನ ತಾಯಿ ಅಷ್ಟೊಂದು ಅಳುತ್ತಿರಲಿಲ್ಲ.

ಸಿಕ್ಕಿದ್ದು ಗರ್ಭಕೋಶದ ಹಿಂಭಾಗದಲ್ಲಿ ಕೆಲವು ಸಣ್ಣ ಚುಕ್ಕೆಗಳು, ಮೊದಲ ಹಂತದ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗ). ಅವನ್ನು ಅಲ್ಲೇ ಸುಟ್ಟರು. ನಾಳಗಳೆರಡೂ ತೆರೆದಿದ್ದವು. ‘ಸಿಕ್ಕಿತಲ್ಲ, ಇನ್ನು ಆಗುತ್ತದೆ’ ಎಂದು ಮನೆಯವರೆಲ್ಲ ಸಮಾಧಾನಪಟ್ಟರು. ಆದರೆ ನಮ್ಮ ವೈದ್ಯೆ ಪ್ರಾಮಾಣಿಕರು. ಇಂಥ ಚುಕ್ಕೆಗಳು, ಮಕ್ಕಳನ್ನು ಹೆತ್ತು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದ ಹೆಂಗಸರಲ್ಲೂ ಕಾಣಸಿಗುತ್ತವೆ, ಆದ್ದರಿಂದ ಇದೇ ಕಾರಣವೆಂದು ಹೇಳಲಾರೆ ಎಂದರು. ಈ ಬಗ್ಗೆ ಎಲ್ಲರೂ ಉಲ್ಲೇಖಿಸುವ ಕೆನಡಾದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಸೌಮ್ಯ ಹಂತದ ಎಂಡೋಮೆಟ್ರಿಯೋಸಿಸ್ ಇದ್ದ 341 ಮಹಿಳೆಯರಲ್ಲಿ, ಲ್ಯಾಪ್ರೊಸ್ಕೋಪಿಯ ನಂತರದ 36 ವಾರಗಳೊಳಗೆ ಗರ್ಭ ನಿಂತು ಮುಂದುವರಿದದ್ದು ಚುಕ್ಕೆಗಳನ್ನು ತೆಗೆಸಿಕೊಂಡವರಲ್ಲಿ ನೂರಕ್ಕೆ ಸುಮಾರು 31 ಮಂದಿಗೆ, ಬರಿದೇ ನೋಡಿ ಬಿಟ್ಟವರಲ್ಲಿ ಸುಮಾರು 18 ಮಂದಿಗೆ. ಲಾಭವಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ತೆಗೆಸಿಕೊಂಡವರಲ್ಲೂ ಉಳಿದ ಸುಮಾರು 69 ಮಂದಿಗೆ ಆ ಅವಧಿಯಲ್ಲಿ ಗರ್ಭ ನಿಲ್ಲಲಿಲ್ಲ, ತೆಗೆಸಿಕೊಳ್ಳದ 18 ಮಂದಿಗೆ ಚುಕ್ಕೆಗಳಿದ್ದೂ ನಿಂತಿತು. ಎರಡು ವರ್ಷಗಳ ನಂತರ ಬಂದ ಇಟಲಿಯ ಸಣ್ಣ ಅಧ್ಯಯನದಲ್ಲಿ ಆ ಲಾಭವೂ ಕಾಣಲಿಲ್ಲ.

ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ 2023ರ ಮಾರ್ಗಸೂಚಿಯಲ್ಲಿ, ಕಾರಣ ತಿಳಿಯದ ಬಂಜೆತನದ ಪ್ರತಿಯೊಬ್ಬರಿಗೂ ವಾಡಿಕೆಯಂತೆ ಲ್ಯಾಪ್ರೊಸ್ಕೋಪಿ ಮಾಡಬಾರದೆಂದು, ಮೊದಲು ಅಂಡ ಬೆಳೆಸುವ ಔಷಧಿಯೊಂದಿಗೆ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಮಾಡಬೇಕೆಂದು ಹೇಳಿದೆ. ಹಾಗಿದ್ದೂ ನಾನೇಕೆ ಒಪ್ಪಿದೆನೆಂದರೆ, ಹೈಸ್ಕೂಲಿನಿಂದಲೂ ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದಷ್ಟು ನೋವು ನನಗಿತ್ತು, ‘ಮದುವೆಯಾದರೆ ಸರಿಹೋಗುತ್ತದೆ’ ಎಂಬ ಸಮಾಧಾನದಲ್ಲೇ ಅದನ್ನು ಎಲ್ಲರೂ ಮುಗಿಸಿದ್ದರು. ಅಂಥ ನೋವು, ಸಂಭೋಗದ ವೇಳೆಯ ನೋವು, ಹಿಂದೆ ಆದ ಹೊಟ್ಟೆಯ ಶಸ್ತ್ರಚಿಕಿತ್ಸೆ ಅಥವಾ ಸೋಂಕು, ಗರ್ಭನಾಳಗಳು ತೆರೆದಿವೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ ಬಂದ ಸಂಶಯ, ಇವು ಇದ್ದವರಿಗೆ ಒಳಗೆ ನೋಡುವುದಕ್ಕೆ ಅರ್ಥವಿದೆ. ಸಣ್ಣ ಚುಕ್ಕೆಗಳು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಇಂದು ನನ್ನ ನೋವು ಬಹಳ ಕಡಿಮೆಯಾಗಿದೆ, ಮಗುವಿನ ವಿಷಯ ಏನೇ ಆಗಲಿ, ನನ್ನ ಮಟ್ಟಿಗೆ ಅದು ಸಣ್ಣ ಲಾಭವಲ್ಲ.

ಸಹಿಯ ವಿಷಯ ಹೇಳದೆ ಇರಲಾರೆ. ನಮ್ಮಲ್ಲಿ ಒಪ್ಪಿಗೆ ಪತ್ರವನ್ನು ಗಂಡನ ಕೈಗೆ ಕೊಟ್ಟು, ಹೆಂಡತಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ ಮೇಲೆ ಅವಳ ಮುಂದೆ ಪೆನ್ನು ಹಿಡಿಯುವುದು ವಾಡಿಕೆಯಾಗಿಬಿಟ್ಟಿದೆ. ನೋಡಲೆಂದು ಕೊಟ್ಟ ಒಪ್ಪಿಗೆ ತೆಗೆಯುವುದಕ್ಕೆ ಒಪ್ಪಿಗೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಲ್ಯಾಪ್ರೊಸ್ಕೋಪಿ ಪರೀಕ್ಷೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯೊಬ್ಬರ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಪ್ರಕರಣ ಅದು. ಜೀವಕ್ಕೆ ಅಪಾಯವಿಲ್ಲದಾಗ ರೋಗಿಗೆ ಎಚ್ಚರವಾಗುವವರೆಗೆ ಕಾದು ಅವಳನ್ನೇ ಕೇಳಬೇಕಿತ್ತೆಂದು ನ್ಯಾಯಾಲಯ ಹೇಳಿತು. ಮಗು ಬೇಕೆನ್ನುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಎಂಡೋಮೆಟ್ರಿಯೋಸಿಸ್ಸಿನಿಂದ ಅಂಡಾಶಯದಲ್ಲಾಗುವ ‘ಚಾಕೊಲೇಟ್ ಸಿಸ್ಟ್’ ಎಂಬ ಗಂಟನ್ನು ತೆಗೆಯುವಾಗ ಅದರೊಂದಿಗೆ ಒಳ್ಳೆಯ ಅಂಡಗಳೂ ಹೋಗಬಹುದು. ಚುಕ್ಕೆ ಸಿಕ್ಕರೆ ಸುಡಬಹುದು, ಅಂಡಾಶಯ ಮುಟ್ಟುವ ಮುನ್ನ ನನ್ನನ್ನು ಕೇಳಬೇಕು ಎಂದು ನಾನು ಬರೆಸಿಯೇ ಸಹಿ ಹಾಕಿದೆ. ಯಾರೂ ಬೇಸರಿಸಿಕೊಳ್ಳಲಿಲ್ಲ.

ಖರ್ಚಿನ ವಿಚಾರದಲ್ಲಿ, ಬಂಜೆತನದ ಚಿಕಿತ್ಸೆಯನ್ನು ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯ ವಿಡಿಯೊ ಮತ್ತು ಟಿಪ್ಪಣಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ. ಮುಂದೆ ಬೆಂಗಳೂರಿಗೋ ಮಂಗಳೂರಿಗೋ ಹೋದರೆ ಮತ್ತೊಮ್ಮೆ ನೋಡೋಣ ಎನ್ನುವ ಮಾತಿಗೆ ಅವು ತಡೆಯಾಗುತ್ತವೆ.

ಹೋದ ತಿಂಗಳು ಚಿಕ್ಕಮಗಳೂರಿನಲ್ಲಿರುವ ನನ್ನ ಸೋದರಸಂಬಂಧಿ ಫೋನು ಮಾಡಿ, ತನಗೂ ಲ್ಯಾಪ್ರೊಸ್ಕೋಪಿ ಹೇಳಿದ್ದಾರೆಂದಳು. ಅವಳಿಗೆ ಮೂವತ್ತು ತುಂಬಿಲ್ಲ, ನೋವಿಲ್ಲ, ಎಕ್ಸ್‌ರೇಯಲ್ಲಿ ನಾಳಗಳು ಸರಿಯಾಗಿವೆ. ಒಳಗೆ ಏನಾದರೂ ಸಿಕ್ಕಿದರೆ ಮುಂದಿನ ಚಿಕಿತ್ಸೆ ಏನು, ಏನೂ ಸಿಗದಿದ್ದರೆ ಏನು ಎಂದು ಕೇಳಿಕೊಂಡು ಬಾ, ಗಂಡನನ್ನೂ ಕರೆದುಕೊಂಡು ಹೋಗು ಎಂದೆ. ಎರಡಕ್ಕೂ ಐಯುಐ ಎಂದೇ ಉತ್ತರ ಬಂತಂತೆ. ಹಾಗಾದರೆ ಅದನ್ನೇ ಮೊದಲು ಮಾಡೋಣ ಎಂದು ಇವಳು ಕೇಳಿದಾಗ ವೈದ್ಯರು ಒಪ್ಪಿದ್ದಾರೆ, ಮುಂದಿನ ಮುಟ್ಟಿನ ಎರಡನೆಯ ದಿನ ಬರಲು ಹೇಳಿದ್ದಾರೆ.