ಕಡಲೆಕಾಯಿಗೆ ಕ್ಯೂಆರ್ ಕೋಡ್ ಯಾವಾಗ?

2025ರ ನವೆಂಬರ್‌ನಲ್ಲಿ ಬೆಂಗಳೂರಿನ ಹಸಿರು ಮೆಟ್ರೊಗೆ ಒಂದೇ ವಾರ ಎರಡು ಡ್ಯೂಟಿ ಬಿತ್ತು. ಮಾದಾವರದಲ್ಲಿ ಇಳಿದರೆ 18ರಿಂದ 20ರವರೆಗೆ ಬೆಂಗಳೂರು ಟೆಕ್ ಸಮ್ಮಿಟ್. ಅದೇ ರೈಲು ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ 17ರಿಂದ 21ರವರೆಗೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಎರಡಕ್ಕೂ ಜನ ಬಂದರು. ಎಲ್ಲಿ ಜಾಸ್ತಿ ಅಂತ ಕೇಳಬೇಡಿ. ಎಣಿಸುವ ರೀತಿಯೇ ಬೇರೆ.

ಯಾವುದೇ ಉದ್ಯಮ ಸಮಾವೇಶ ತಗೊಳ್ಳಿ, ಮುಗಿದ ಸಂಜೆಗೆ ಪ್ರಕಟಣೆ ರೆಡಿ: ಹೋದ ವರ್ಷಕ್ಕಿಂತ ಈ ಸಲ ಜನ ಜಾಸ್ತಿ. ಕಡಿಮೆ ಬಂದರು ಅಂತ ಹೇಳಿಕೊಂಡ ಸಮಾವೇಶವನ್ನು ನಾನಂತೂ ಕಂಡಿಲ್ಲ. ಗೇಟಿನ ಸ್ಕ್ಯಾನರ್ ‘ಪೀಂ’ ಅಂದರೆ ಒಬ್ಬ. ಅವನೇ ಟೀ ಕುಡಿಯಲು ಹೊರಗೆ ಹೋಗಿ ಬಂದರೆ ಇನ್ನೊಬ್ಬ. ಮರುದಿನ ಬಂದರೆ ಮತ್ತೊಬ್ಬ. ಮಳಿಗೆಯಲ್ಲಿ ನಿಂತವರು ಎದುರು ಮಳಿಗೆಯವರಿಗೆ ಕಾರ್ಡ್ ಕೊಟ್ಟು, ಅವರದ್ದು ಇವರು ಈಸಿಕೊಂಡರೆ ಎರಡು ‘ವ್ಯಾಪಾರ ಸಂಪರ್ಕ’. ಮಧ್ಯಾಹ್ನ ಕುರ್ಚಿಗಳು ಖಾಲಿ ಕಂಡವೋ, ಕಾಲೇಜು ಬಸ್ಸು ಬಂದೇ ಬಿಡುತ್ತದೆ. ಹುಡುಗರು ಸಿಕ್ಕಿದ ಪೆನ್ನು, ಕೀಚೈನು, ಬಟ್ಟೆ ಚೀಲ ಎಲ್ಲ ಬಾಚಿಕೊಂಡು, ಎಐ ಗೋಷ್ಠಿಯ ಕೊನೇ ಸಾಲಲ್ಲಿ ಎಸಿ ಗಾಳಿಗೆ ತೂಕಡಿಸುತ್ತಾರೆ. ನಿಜವಾದ ಹಾಜರಾತಿ ಊಟದ ಹೊತ್ತಿನದು. ಪನೀರ್ ಕೌಂಟರಿನ ಸಾಲು ಸುಳ್ಳು ಹೇಳುವುದಿಲ್ಲ.

ಪರಿಷೆಗೆ ಪಾಪ, ಇದ್ಯಾವುದೂ ಇಲ್ಲ. ಕಾರ್ತಿಕದ ಕೊನೇ ಸೋಮವಾರ ಅಂದರೆ ಮುಗೀತು, ಯಾರೂ ಯಾರನ್ನೂ ಕರೆಯುವುದಿಲ್ಲ. ಇಲ್ಲಿನ ಮೊದಲ ಅತಿಥಿಯೇ ನೋಂದಣಿ ಮಾಡಿಸದೆ ಬಂದವನು. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿ ರೈತರ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯ್ದ ಬಸವ ಅಂತ ಕಥೆ. ತಿಂದು ಹೋದ, ಫೀಡ್‌ಬ್ಯಾಕ್ ಫಾರಂ ತುಂಬಲಿಲ್ಲ. ಆದರೂ ರೈತರು ಮೊದಲ ಬೆಳೆ ನಿನಗೇ ಅಂದರು. ವೇದಿಕೆ ಇಲ್ಲ, ಸಹಿ ಇಲ್ಲ, ಕೈಕುಲುಕುವ ಫೋಟೊ ಇಲ್ಲ. ಆ ಒಪ್ಪಂದ ಇವತ್ತಿಗೂ ಜಾರಿಯಲ್ಲಿದೆ.

2025ರ ಫೆಬ್ರುವರಿಯ ಇನ್ವೆಸ್ಟ್ ಕರ್ನಾಟಕ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಮಾತು ಬಂತು. ಪರಿಷೆಯವರು ಇದನ್ನು ಯಾವಾಗ ಕಲಿಯುತ್ತಾರೋ! ಮುಂದಿನ ಐದು ವರ್ಷಗಳಲ್ಲಿ ಹಂತಹಂತವಾಗಿ ಒಂದು ಸೇರು ಕೊಳ್ಳುವ ಇಂಗಿತ ಅಲ್ಲಿ ಯಾರೂ ವ್ಯಕ್ತಪಡಿಸುವುದಿಲ್ಲ. ರಾಶಿಯಿಂದ ಒಂದು ಕಾಯಿ ಎತ್ತಿ, ಒಡೆದು, ಬಾಯಿಗೆ ಹಾಕಿಕೊಂಡು ಆಮೇಲೆ ರೇಟು ಕೇಳುತ್ತಾರೆ. ಜಾಸ್ತಿ ಆಯ್ತು ಅಂತ ಎರಡು ಹೆಜ್ಜೆ ನಡೆದು, ಕರೆಯಲಿ ಅಂತ ಕಾದು ವಾಪಸ್ ಬರುತ್ತಾರೆ. ಆಯಮ್ಮ ಸೇರಿನ ಬಾಯಿ ಮೀರಿ ತುಂಬಿ, ಮೇಲೊಂದು ಹಿಡಿ ಕೊಸರು ಹಾಕುತ್ತಾಳೆ. ವಿಚಾರ ಸಂಕಿರಣ, ಪ್ರಾತ್ಯಕ್ಷಿಕೆ, ಹೂಡಿಕೆ, ಲಾಭಾಂಶ ಎಲ್ಲ ಮುಗೀತು. ಹಿಂದೆ ಯಾವನೋ ಹುಡುಗ ಪೀಪಿ ಊದಿದ್ದೇ ಸಮಾರೋಪ ಭಾಷಣ.

ಮುಂದಿನ ಸಲ ಇಲ್ಲಿಗೂ ಒಬ್ಬ ಕನ್ಸಲ್ಟೆಂಟ್ ಬರಬೇಕು, ಕೈಯಲ್ಲಿ ಟ್ಯಾಬ್ ಹಿಡಿದು. ‘ಅಮ್ಮಾ, ಇವತ್ತು ನಿಮ್ಮ ಮಳಿಗೆಗೆ ಎಷ್ಟು ಜನ ಭೇಟಿ ಕೊಟ್ಟರು, ಹೋದ ವರ್ಷಕ್ಕಿಂತ ಶೇಕಡಾ ಎಷ್ಟು ಹೆಚ್ಚಳ?’ ಅಂತ ಕೇಳಬೇಕು.

‘ಎಷ್ಟು ಸೇರು ಹಾಕ್ಲಿ, ಬೇಗ ಹೇಳಪ್ಪ. ಹಿಂದೆ ಜನ ನಿಂತವ್ರೆ.’